ಸ್ಕಾಟನ ಕೀರ್ತಿ

ರಾಬರ್ಟ್ ಫಾಲ್ಕನ್ ಸ್ಕಾಟನು 1868ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ನೌಕಾದಳದ ಶಿಕ್ಷಣಕ್ಕೆ ಸೇರಿ, ಕ್ರಮವಾಗಿ ಅಧಿಕಾರಿಯಾದನು. 1901ರಿಂದ 1904ರವರೆಗೆ 'ಡಿಸ್ಕವರಿ' ಹಡಗಿನ ನಾಯಕನಾಗಿ ಅಂಟಾರ್ಕ್ಟಿಕ ಖಂಡವನ್ನು ಶೋಧಿಸಿದನು. ದಕ್ಷಿಣ ಧ್ರುವವನ್ನು ಮುಟ್ಟಬೇಕೆಂಬ ಹಂಬಲದಿಂದ 1910ರಲ್ಲಿ 'ಟೆರಾ ನೋವಾ' ಹಡಗಿನಲ್ಲಿ ಮತ್ತೆ ಹೊರಟನು.

1912ರ ಜನವರಿ 17ರಂದು ಸ್ಕಾಟನೂ ಅವನ ನಾಲ್ವರು ಸಂಗಡಿಗರೂ ಧ್ರುವವನ್ನು ತಲುಪಿದರು. ಆದರೆ ನಾರ್ವೆಯ ಅಮುಂಡ್ಸೆನನು 1911ರ ಡಿಸೆಂಬರ್ 14ರಂದೇ ಅಲ್ಲಿಗೆ ಬಂದು ಹೋಗಿದ್ದನು. ನಿರಾಶರಾಗಿ ಹಿಂದಿರುಗುವಾಗ ಮೊದಲು ಎವಾನ್ಸನು ಮಡಿದನು. ಹಿಮದಿಂದ ಕಾಲು ಕೆಟ್ಟಿದ್ದ ಓಟ್ಸನು, ತನ್ನಿಂದ ಇತರರಿಗೆ ತೊಡಕಾಗಬಾರದೆಂದು ಹಿಮಗಾಳಿಯೊಳಗೆ ನಡೆದುಹೋದನು. ಸ್ಕಾಟ್, ವಿಲ್ಸನ್, ಬೋವರ್ಸ್ ಮೂವರೂ ಆಹಾರದ ಉಗ್ರಾಣಕ್ಕೆ ಸುಮಾರು 18 ಕಿಲೋಮೀಟರು ದೂರದಲ್ಲಿ, ಮಾರ್ಚ್ ಕೊನೆಯಲ್ಲಿ ಡೇರೆಯೊಳಗೇ ಅಸುನೀಗಿದರು. ನವೆಂಬರಿನಲ್ಲಿ ಅವರ ದೇಹಗಳೊಂದಿಗೆ ಸ್ಕಾಟನ ದಿನಚರಿಯೂ ದೊರೆಯಿತು.

1913ರ ಫೆಬ್ರವರಿಯಲ್ಲಿ ಸುದ್ದಿ ತಿಳಿದಾಗ ಬ್ರಿಟನ್ ಶೋಕದಲ್ಲಿ ಮುಳುಗಿತು. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಸ್ಮರಣಸಭೆಗೆ ದೊರೆಯೇ ಬಂದನು. ಸೋತವನು ಗೆದ್ದವನಿಗಿಂತ ದೊಡ್ಡ ವೀರನೆನಿಸಿದನು. ಮರುವರ್ಷವೇ ಆರಂಭವಾದ ಮಹಾಯುದ್ಧದಲ್ಲಿ ಅವನ ಕಥೆ ಸೈನಿಕರಿಗೆ ತ್ಯಾಗದ ಮಾದರಿಯಾಯಿತು.

ಕಾಲ ಉರುಳಿದಂತೆ ಜನರ ದೃಷ್ಟಿಯೂ ಬದಲಾಯಿತು. 1979ರಲ್ಲಿ ರೋಲೆಂಡ್ ಹಂಟ್‌ಫರ್ಡನು ಸ್ಕಾಟನನ್ನೂ ಅಮುಂಡ್ಸೆನನನ್ನೂ ಹೋಲಿಸಿ ಗ್ರಂಥವೊಂದನ್ನು ಬರೆದನು. ಅಮುಂಡ್ಸೆನನು ನಾಯಿಗಳನ್ನೂ ಹಿಮಜಾರುಗಳನ್ನೂ ಬಳಸುವುದರಲ್ಲಿ ನಿಪುಣನಾಗಿದ್ದನು. ಸ್ಕಾಟನ ಕುದುರೆಗಳು ಆ ನೆಲಕ್ಕೆ ಒಗ್ಗಲಿಲ್ಲ. ಯಂತ್ರಬಂಡಿಗಳು ಕೆಟ್ಟು ನಿಂತವು. ನಾಲ್ವರಿಗೆಂದು ಸಿದ್ಧಪಡಿಸಿದ್ದ ತಂಡಕ್ಕೆ ಐದನೆಯವನನ್ನೂ ಸೇರಿಸಿಕೊಂಡನು. ಇಂತಹ ತಪ್ಪುಗಳನ್ನು ಎತ್ತಿ ತೋರಿಸಿದ ಆ ಗ್ರಂಥದಿಂದಾಗಿ, ವೀರನೆನಿಸಿದ್ದವನು ಅಸಮರ್ಥನೆನಿಸಿದನು.

ತಕ್ಕಡಿ ಮತ್ತೆ ಕದಲಿತು. ಹವಾಮಾನದ ದಾಖಲೆಗಳನ್ನು ಪರಿಶೀಲಿಸಿದ ವಿಜ್ಞಾನಿ ಸೂಸನ್ ಸಾಲೊಮನ್, ಆ ವರ್ಷದ ಮಾರ್ಚಿನ ಚಳಿ ಅಸಾಧಾರಣವಾಗಿತ್ತೆಂದು 2001ರಲ್ಲಿ ತೋರಿಸಿದರು. ಸ್ಕಾಟನ ತಪ್ಪುಗಳು ಇದರಿಂದ ಅಳಿಯಲಿಲ್ಲ. ಆದರೆ ದುರಂತಕ್ಕೆ ಅವು ಮಾತ್ರವೇ ಕಾರಣವಲ್ಲವೆಂಬುದು ತಿಳಿಯಿತು.

ಹೊಗಳಿಕೆ ತೆಗಳಿಕೆಗಳ ನಡುವೆ ಬದಲಾಗದ ಸಂಗತಿಯೊಂದುಂಟು. ಸಾವು ಸಮೀಪಿಸಿದಾಗಲೂ ಆ ತಂಡದವರು ಸುಮಾರು 16 ಕಿಲೋಗ್ರಾಂ ಶಿಲೆಗಳನ್ನು ಎಸೆಯದೆ ಹೊತ್ತು ತಂದಿದ್ದರು. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪ್ರಾಚೀನ ಸಸ್ಯದ ಪಳೆಯುಳಿಕೆಗಳಿದ್ದವು. ಅದೇ ಸಸ್ಯದ ಕುರುಹುಗಳು ಭಾರತದ ಕಲ್ಲಿದ್ದಲಿನ ಪದರಗಳಲ್ಲಿಯೂ ಇವೆ. ಈ ಭೂಭಾಗಗಳು ಒಮ್ಮೆ ಕೂಡಿಕೊಂಡಿದ್ದುವೆಂಬುದಕ್ಕೆ ಆ ಕಲ್ಲುಗಳು ಸಾಕ್ಷಿಯಾದವು.

ದಕ್ಷಿಣ ಧ್ರುವದಲ್ಲಿರುವ ಅಮೆರಿಕದ ಸಂಶೋಧನಾ ಕೇಂದ್ರಕ್ಕೆ ಅಮುಂಡ್ಸೆನ್-ಸ್ಕಾಟ್ ಎಂದು ಹೆಸರಿಟ್ಟಿದ್ದಾರೆ. ಮೊದಲು ಮುಟ್ಟಿದವನೂ ಮರಳಿ ಬಾರದವನೂ ಅಲ್ಲಿ ಜೊತೆಯಾಗಿಯೇ ಸ್ಮರಣೀಯರಾಗಿದ್ದಾರೆ.