ಹಕ್ಕಿಯ ಹಾರಾಟವನ್ನು ಓದಿದ ವಿಜ್ಞಾನಿ ಪ್ರೊ. ಸತೀಶ ಧವನ್

ನಮ್ಮ ವಾರಣಾ ಬಯಲಿನ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಮೇಲೇರುವುದನ್ನು ನಾವೆಲ್ಲರೂ ಕಂಡಿದ್ದೇವೆ, ಕಂಡು ಮರೆತಿದ್ದೇವೆ. ಅದನ್ನೇ ವಿಮಾನ ಬಲ್ಲವರ ಕಣ್ಣಿನಿಂದ ನೋಡಿ ಗ್ರಂಥ ಬರೆದ ಮಹನೀಯರು ಪ್ರೊ. ಸತೀಶ ಧವನ್.

ಇವರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಗಣಿತ, ಇಂಗ್ಲಿಷ್ ಸಾಹಿತ್ಯ, ಯಂತ್ರಶಾಸ್ತ್ರ ಈ ಮೂರನ್ನೂ ಅಭ್ಯಾಸ ಮಾಡಿದರು. ಅಮೇರಿಕೆಯಲ್ಲಿ ವಿಮಾನಶಾಸ್ತ್ರದ ಡಾಕ್ಟರೇಟ್ ಪಡೆದು, 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1962ರಿಂದ 1981ರವರೆಗೆ ಅದರ ನಿರ್ದೇಶಕರಾಗಿದ್ದರು. 1972ರಲ್ಲಿ ಇಸ್ರೋ ಸಂಸ್ಥೆಯ ಅಧ್ಯಕ್ಷ ಪದವಿಯೂ ಇವರ ಹೆಗಲೇರಿತು.

ಇಸ್ರೋದ ರಾಕೆಟ್ಟುಗಳು ಹಾರುವ ಶ್ರೀಹರಿಕೋಟೆಯು ಪುಲಿಕಾಟ್ ಸರೋವರದ ಮಗ್ಗುಲಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಸಾವಿರಾರು ಹಕ್ಕಿಗಳು ಬಂದಿಳಿಯುತ್ತವೆ. ರಾಕೆಟ್ಟುಗಳ ಗಡಿಬಿಡಿಯಲ್ಲೂ ಧವನರ ಕಣ್ಣು ಆ ಹಕ್ಕಿಗಳನ್ನು ಬಿಡಲಿಲ್ಲ. 1991ರಲ್ಲಿ ಹಕ್ಕಿಗಳ ಹಾರಾಟವನ್ನು ಕುರಿತ ಇವರ ಇಂಗ್ಲಿಷ್ ಗ್ರಂಥ ಪ್ರಕಟವಾಯಿತು.

ವಿಮಾನ ಬಲ್ಲವನು ಹಕ್ಕಿಯಲ್ಲಿ ಏನನ್ನು ಕಾಣುತ್ತಾನೆ? ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಹದ್ದು ಆ ಕಂಬವನ್ನು ಬಿಡದೆ ಸುತ್ತುತ್ತದೆ. ಎಂಜಿನ್ ಇಲ್ಲದ ಗ್ಲೈಡರಿನ ಚಾಲಕನೂ ಹೀಗೆಯೇ ಎತ್ತರಕ್ಕೆ ಏರುತ್ತಾನೆ. ಇಳಿಯುವುದು ಇನ್ನೂ ಕಠಿಣ. ವೇಗ ತಗ್ಗಬೇಕು, ತೀರ ತಗ್ಗಿದರೆ ರೆಕ್ಕೆ ಭಾರ ಹೊರಲಾರದು. ಆಗ ಹಕ್ಕಿಯು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ಮುಂದಿನ ಅಂಚಿನಲ್ಲಿ ಹೆಬ್ಬೆರಳಿನಂತಿರುವ ಪುಟ್ಟ ಗರಿಗಳನ್ನು ಎತ್ತುತ್ತದೆ. ವಿಮಾನ ಇಳಿಯುವಾಗ ರೆಕ್ಕೆಯ ಅಂಚಿನಿಂದ ಹೊರಚಾಚುವ ಪಟ್ಟಿಗಳು ಮಾಡುವುದೂ ಇಂಥದೇ ಕೆಲಸ.

ಹಾರುವ ವಿದ್ಯೆಯಲ್ಲಿ ಬೀಳುವುದೂ ಉಂಟು. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ ಸಮುದ್ರದ ಪಾಲಾಯಿತು. ಆ ಯೋಜನೆಯ ನಿರ್ದೇಶಕರು ಡಾ. ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ನಿಂತು ಸೋಲಿನ ಹೊಣೆ ಹೊತ್ತವರು ಧವನ್. ಮರುವರ್ಷ ಜುಲೈ 18ರಂದು ಅದೇ ಬಗೆಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಪತ್ರಕರ್ತರ ಮುಂದೆ ಮಾತನಾಡಲು ಕಲಾಂ ಅವರನ್ನೇ ಕಳಿಸಿದರು.

2002ರ ಜನವರಿ 3ರಂದು ಧವನ್ ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟೆಯ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ವಿದ್ಯಾರ್ಥಿ ಮಿತ್ರರೇ, ದೊಡ್ಡ ಪ್ರಯೋಗಶಾಲೆ ನಮ್ಮಲ್ಲಿಲ್ಲವೆಂದು ಕೊರಗಬೇಕಿಲ್ಲ. ಕಬ್ಬಿನ ಹೊಲಕ್ಕೆ ನೀರು ಬಿಟ್ಟಾಗ ಬೆಳ್ಳಕ್ಕಿಗಳು ಬಂದಿಳಿಯುತ್ತವೆ. ಅವು ಕಾಲು ಚಾಚುವ ಮೊದಲು ರೆಕ್ಕೆಯನ್ನೂ ಬಾಲವನ್ನೂ ಏನು ಮಾಡುತ್ತವೆಂದು ನೋಡಿ, ವಹಿಯಲ್ಲಿ ಬರೆದಿಡಿರಿ. ನಾಳೆ ಅದೇ ಹಕ್ಕಿಯನ್ನು ಮತ್ತೆ ನೋಡಿರಿ.