ಅಮೆರಿಕದಲ್ಲಿ ಪೌರಪಾಠ ಕಲಿತ ಧಾರವಾಡದ ವೈದ್ಯ ಡಾ. ಹರ್ಡೀಕರ್

ಹಿರೇಗುತ್ತಿ (ಕುಮಟಾ): ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾದಿಂದ ಅಂಕೋಲೆಯತ್ತ ಸಾಗುವವರು ಹಿರೇಗುತ್ತಿಯನ್ನು ಹಾದು ಹೋಗುತ್ತಾರೆ. ಇದೇ ಕರಾವಳಿಯ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನನ್ನು ಮುರಿಯಲಾಯಿತು. ಉಪ್ಪಿನ ಆಗರಗಳಿಗೆ ಹೆಸರಾದ ಸಾಣಿಕಟ್ಟಾ ಕೂಡ ಈ ಸೀಮೆಯದೇ. ತಮ್ಮ ಕಣ್ಣೆದುರೇ ಕಡಲ ನೀರು ಒಣಗಿ ಉಪ್ಪಾಗುತ್ತಿದ್ದರೂ ಅದಕ್ಕೆ ಪರಕೀಯ ಸರ್ಕಾರಕ್ಕೆ ತೆರಿಗೆ ಕೊಡಬೇಕಾಗಿದ್ದ ಜನರಿಗೆ ಆ ಹೋರಾಟದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಮೆರಿಕದ ಇತಿಹಾಸವೂ ಆರಂಭವಾಗುವುದು ಇಂತಹುದೇ ತಕರಾರಿನಿಂದ. ತಮ್ಮ ಪ್ರತಿನಿಧಿಗಳಿಲ್ಲದ ಬ್ರಿಟಿಷ್ ಪಾರ್ಲಿಮೆಂಟು ತಮ್ಮ ಮೇಲೆ ತೆರಿಗೆ ಹೇರುವುದು ಸಲ್ಲದೆಂದು ಅಲ್ಲಿನ ವಸಾಹತುಗಳ ಜನ ವಾದಿಸಿದರು. 1773ರಲ್ಲಿ ಬೋಸ್ಟನ್ ಬಂದರಿನಲ್ಲಿ ಚಹಾದ ಪೆಟ್ಟಿಗೆಗಳು ನೀರುಪಾಲಾದವು. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು. 1787ರಲ್ಲಿ ಸಂವಿಧಾನ ರಚನೆಯಾಯಿತು. ಶಾಲೆಯ ಪೌರನೀತಿ ಪುಸ್ತಕದಲ್ಲಿ ನಾವು ಓದುವ ಈ ಸಂಗತಿಗಳನ್ನು ಅಮೆರಿಕದ ನೆಲದಲ್ಲೇ ಕಂಡು, ಭಾರತಕ್ಕಾಗಿ ಬಳಸಲು ಯತ್ನಿಸಿದ ಕನ್ನಡನಾಡಿನ ಒಬ್ಬ ವೈದ್ಯರಿದ್ದರು. ಅವರೇ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ್.

ಧಾರವಾಡದಿಂದ ಮಿಶಿಗನ್‌ಗೆ

ಹರ್ಡೀಕರ್ 1889ರಲ್ಲಿ ಧಾರವಾಡದಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ವೈದ್ಯ ಶಿಕ್ಷಣ ಪಡೆದು, 1913ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ವಿಶೇಷ ವಿಷಯವನ್ನಾಗಿ ಆರಿಸಿಕೊಂಡು 1916ರಲ್ಲಿ ಸ್ನಾತಕೋತ್ತರ ಪದವಿ ಗಳಿಸಿದರು.

ಅವರು ಕಾಲಿಟ್ಟಾಗ ಅಮೆರಿಕದಲ್ಲಿ 48 ರಾಜ್ಯಗಳಿದ್ದವು. ಅಲ್ಲಿನ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ಅದಕ್ಕೆ ಎರಡು ಸದನಗಳು. ಪ್ರತಿನಿಧಿ ಸಭೆಯಲ್ಲಿ ಜನಸಂಖ್ಯೆಗೆ ತಕ್ಕಂತೆ ಸ್ಥಾನಗಳು. ಸೆನೆಟ್‌ನಲ್ಲಿ ರಾಜ್ಯ ದೊಡ್ಡದಿರಲಿ, ಸಣ್ಣದಿರಲಿ, ತಲಾ ಎರಡು ಸ್ಥಾನ. ಸೆನೆಟರುಗಳನ್ನು ಜನರೇ ನೇರವಾಗಿ ಚುನಾಯಿಸುವ ತಿದ್ದುಪಡಿ ಜಾರಿಗೆ ಬಂದದ್ದೂ 1913ರಲ್ಲೇ. ಅಲ್ಲಿಯವರೆಗೆ ಆ ಅಧಿಕಾರ ರಾಜ್ಯಗಳ ಶಾಸನಸಭೆಗಳ ಕೈಯಲ್ಲಿತ್ತು. ಮಹಿಳೆಯರಿಗೆ ದೇಶದಾದ್ಯಂತ ಮತಾಧಿಕಾರ ನೀಡಿದ ತಿದ್ದುಪಡಿ 1920ರಲ್ಲಿ ಬಂದಿತು. ಆಗಲೂ ಹರ್ಡೀಕರ್ ಅಮೆರಿಕದಲ್ಲಿಯೇ ಇದ್ದರು. ಸಂವಿಧಾನವೆಂಬುದು ಕಲ್ಲಿನ ಬರಹವಲ್ಲ, ಜನರ ಒತ್ತಾಯಕ್ಕೆ ಮಣಿದು ಬದಲಾಗಬಲ್ಲದು ಎಂಬುದಕ್ಕೆ ಆ ಏಳು ವರ್ಷಗಳೇ ಸಾಕ್ಷಿಯಾಗಿದ್ದವು.

ಲಾಲಾ ಲಜಪತರಾಯರ ಒಡನಾಟ

ಮೊದಲ ಮಹಾಯುದ್ಧದ ಕಾಲದಲ್ಲಿ ಲಾಲಾ ಲಜಪತರಾಯರು ಅಮೆರಿಕದಲ್ಲಿ ನೆಲೆಸಿದ್ದರು. 1917ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಇಂಡಿಯಾ ಹೋಮ್‌ರೂಲ್ ಲೀಗ್ ಆಫ್ ಅಮೆರಿಕ ಸಂಸ್ಥೆಯನ್ನು ಸ್ಥಾಪಿಸಿದಾಗ ಹರ್ಡೀಕರ್ ಅದರ ಕಾರ್ಯದರ್ಶಿಯಾದರು. 1918ರ ಜನವರಿಯಿಂದ ಲೀಗ್‌ನ ಮಾಸಪತ್ರಿಕೆ ‘ಯಂಗ್ ಇಂಡಿಯಾ’ ಹೊರಬರತೊಡಗಿತು.

ಅದು ಅನುಕೂಲದ ಕಾಲವೇನೂ ಆಗಿರಲಿಲ್ಲ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಬ್ರಿಟನ್ನಿನ ಜತೆಗೂಡಿ ಯುದ್ಧಕ್ಕಿಳಿದಿತ್ತು. ಅದೇ ವರ್ಷ ಬೇಹುಗಾರಿಕೆ ತಡೆ ಕಾಯ್ದೆ ಜಾರಿಗೊಂಡಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗದರ್ ಪಕ್ಷದವರ ಮೇಲೆ ಮೊಕದ್ದಮೆ ನಡೆಯುತ್ತಿತ್ತು. ಏಷ್ಯಾದ ಬಹುಭಾಗದ ಜನರ ವಲಸೆಗೆ ಹೊಸ ಕಾನೂನು ಬಾಗಿಲು ಮುಚ್ಚಿತ್ತು. ಇಂತಹ ಹೊತ್ತಿನಲ್ಲಿ ಲೀಗ್ ಶಸ್ತ್ರದ ದಾರಿಯನ್ನು ಬಿಟ್ಟು ಬಹಿರಂಗ ಪ್ರಚಾರದ ದಾರಿ ಹಿಡಿಯಿತು. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಶಾಂತಿಯುತವಾಗಿ ಸಭೆ ಸೇರುವ ಹಕ್ಕು, ಸರ್ಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕು - ಇವನ್ನು ಕಾಂಗ್ರೆಸ್ ಮೊಟಕುಗೊಳಿಸಬಾರದೆಂದು ಅಮೆರಿಕ ಸಂವಿಧಾನದ ಮೊದಲನೆಯ ತಿದ್ದುಪಡಿ 1791ರಲ್ಲಿಯೇ ವಿಧಿಸಿತ್ತು. ತಿದ್ದುಪಡಿಯನ್ನು ಇಂಗ್ಲಿಷಿನಲ್ಲಿ ಅಮೆಂಡ್‌ಮೆಂಟ್ ಎನ್ನುತ್ತಾರೆ. ಲೀಗ್‌ನ ಪತ್ರಿಕೆ, ಕರಪತ್ರ, ಸಭೆಗಳೆಲ್ಲ ಈ ಹಕ್ಕುಗಳ ಆಸರೆಯಲ್ಲೇ ನಡೆದವು.

1919ರಲ್ಲಿ ವರ್ಸೇಲ್ಸ್ ಒಪ್ಪಂದ ಸೆನೆಟ್ ಮುಂದೆ ಬಂದಿತು. ಅಧ್ಯಕ್ಷರು ಸಹಿ ಹಾಕಿದ ಮಾತ್ರಕ್ಕೆ ಅಲ್ಲಿ ಒಪ್ಪಂದ ಸಿಂಧುವಾಗದು. ಮತ ಚಲಾಯಿಸಿದ ಸೆನೆಟರುಗಳ ಪೈಕಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಅಧ್ಯಕ್ಷ ವುಡ್ರೊ ವಿಲ್ಸನ್ ಎಷ್ಟೇ ಬಯಸಿದರೂ 1920ರ ಮಾರ್ಚ್‌ನಲ್ಲಿ ಪರವಾಗಿ 49, ವಿರುದ್ಧ 35 ಮತಗಳು ಬಿದ್ದು, ಏಳು ಮತಗಳ ಕೊರತೆಯಿಂದ ಒಪ್ಪಂದ ಬಿದ್ದುಹೋಯಿತು. ಅಧಿಕಾರ ಒಬ್ಬರ ಕೈಯಲ್ಲೇ ಉಳಿಯದಂತೆ ನೋಡಿಕೊಳ್ಳುವ ವ್ಯವಸ್ಥೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಆದರೆ ಆ ವ್ಯವಸ್ಥೆಗೆ ಇನ್ನೊಂದು ಮುಖವೂ ಇತ್ತು. 1790ರ ಕಾನೂನು ವಲಸಿಗರ ಪೈಕಿ ಬಿಳಿಯರಿಗಷ್ಟೇ ಪೌರತ್ವವನ್ನು ಮೀಸಲಿಟ್ಟಿತ್ತು. ಅಂತರ್ಯುದ್ಧದ ನಂತರ ಆಫ್ರಿಕ ಮೂಲದವರಿಗೂ ಆ ಹಕ್ಕು ದೊರೆಯಿತು. ಭಾರತೀಯರ ವಿಷಯ ಮಾತ್ರ ತೂಗುಯ್ಯಾಲೆಯಲ್ಲಿಯೇ ಉಳಿದಿತ್ತು. ಹರ್ಡೀಕರ್ ಸ್ವದೇಶಕ್ಕೆ ಮರಳಿದ ಬಳಿಕ, 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಆ ಬಾಗಿಲು ತೆರೆಯಲು 1946ರವರೆಗೆ ಕಾಯಬೇಕಾಯಿತು. ಸ್ವಾತಂತ್ರ್ಯದ ಮಾತನಾಡುವ ದೇಶವೂ ಅದನ್ನು ಎಲ್ಲರಿಗೂ ಸಮನಾಗಿ ಹಂಚಿರಲಿಲ್ಲ.

ಸೇವಾದಳದ ಕಟ್ಟಾಳು

1921ರಲ್ಲಿ ಮರಳಿ ಬಂದ ಹರ್ಡೀಕರ್ ಹುಬ್ಬಳ್ಳಿಯನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ವೈದ್ಯ ವೃತ್ತಿಯಲ್ಲಿ ಹಣ ಗಳಿಸುವ ಅವಕಾಶವನ್ನು ಬದಿಗಿಟ್ಟು ತರುಣರ ಸಂಘಟನೆಗೆ ಇಳಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಅವರೂ ಹುಬ್ಬಳ್ಳಿಯ ಸ್ವಯಂಸೇವಕರೂ ಸೆರೆಮನೆ ಸೇರಿದರು. ಅಲ್ಲಿನ ಹಿಂಸೆ ತಾಳಲಾರದೆ ಕ್ಷಮೆ ಕೇಳಿ ಹೊರಬಂದವರು ಅನೇಕರು. ಹುಬ್ಬಳ್ಳಿಯ ತಂಡ ಮಣಿಯಲಿಲ್ಲ. ಶಿಸ್ತು, ತರಬೇತಿಗಳಿಲ್ಲದ ಉತ್ಸಾಹ ಕಷ್ಟ ಬಂದಾಗ ಕರಗಿಹೋಗುತ್ತದೆಂಬುದು ಇದರಿಂದ ಕಾಂಗ್ರೆಸ್ಸಿಗೆ ಮನವರಿಕೆಯಾಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಕಿನಾಡ ಅಧಿವೇಶನದ ವೇಳೆ ಹಿಂದೂಸ್ಥಾನಿ ಸೇವಾದಳ ರೂಪುಗೊಂಡಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು. ಸಂಘಟನೆಯ ಹೊಣೆ ಹರ್ಡೀಕರ್ ಅವರದು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಈ ಸ್ವಯಂಸೇವಕರ ಅಚ್ಚುಕಟ್ಟು ಕಾರ್ಯ ದೇಶದ ಗಮನ ಸೆಳೆಯಿತು. ಮಹಿಳಾ ವಿಭಾಗವನ್ನು ಕಟ್ಟುವಲ್ಲಿ ಉಮಾಬಾಯಿ ಕುಂದಾಪುರ ಅವರ ಪಾತ್ರ ಹಿರಿದು.

ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೆ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕುಗಳ ರೈತರು ನಡೆಸಿದ ಕರನಿರಾಕರಣೆ ಚಳವಳಿ - ಇವೆಲ್ಲ ಇಂತಹ ಶಿಸ್ತು ಕರ್ನಾಟಕದಲ್ಲಿ ಬೇರೂರಿದ್ದ ಕಾಲದ ಘಟನೆಗಳು. ಹೊಲ-ಮನೆ ಜಪ್ತಿಯಾದರೂ ಕೈ ಎತ್ತದೆ ನಿಂತ ರೈತರ ಸಹನೆಯನ್ನು ಇದರ ಹಿನ್ನೆಲೆಯಲ್ಲಿಯೇ ಅರ್ಥಮಾಡಿಕೊಳ್ಳಬೇಕು. 1932ರಲ್ಲಿ ಸರ್ಕಾರ ಸೇವಾದಳವನ್ನು ನಿಷೇಧಿಸಿತು.

ವೈದ್ಯರಾಗಿ ಕಲಿತದ್ದನ್ನೂ ಹರ್ಡೀಕರ್ ಮರೆಯಲಿಲ್ಲ. 1929ರಲ್ಲಿ ಘಟಪ್ರಭೆಯಲ್ಲಿ ಆರಂಭವಾದ ಕರ್ನಾಟಕ ಆರೋಗ್ಯ ಸಂಸ್ಥೆಯ ಸ್ಥಾಪಕರಲ್ಲಿ ಡಾ. ಕೋಕಟನೂರ ಮತ್ತು ಡಾ. ವೈದ್ಯ ಅವರೊಂದಿಗೆ ಅವರೂ ಒಬ್ಬರು.

ಸ್ವತಂತ್ರ ಭಾರತದ ಮೇಲ್ಮನೆಯಲ್ಲಿ

1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. ನಮ್ಮ ರಾಜ್ಯಸಭೆಗೂ ಅಮೆರಿಕದ ಸೆನೆಟ್‌ಗೂ ಹೋಲಿಕೆಗಳುಂಟು. ಎರಡರಲ್ಲಿಯೂ ಸದಸ್ಯರ ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಸುಮಾರು ಮೂರನೇ ಒಂದರಷ್ಟು ಸ್ಥಾನಗಳು ತೆರವಾಗುತ್ತವೆ. ಉಪರಾಷ್ಟ್ರಪತಿಗಳು ರಾಜ್ಯಸಭೆಯ ಸಭಾಪತಿಗಳಾದಂತೆ ಅಲ್ಲಿ ಉಪಾಧ್ಯಕ್ಷರು ಸೆನೆಟ್‌ನ ಅಧ್ಯಕ್ಷರು. ವ್ಯತ್ಯಾಸವೂ ಇದೆ. ಇಲ್ಲಿ ದೊಡ್ಡ ರಾಜ್ಯಕ್ಕೆ ಹೆಚ್ಚು ಸ್ಥಾನ, ಆಯ್ಕೆ ಮಾಡುವವರು ಶಾಸಕರು. ಅಲ್ಲಿ ಎಲ್ಲ ರಾಜ್ಯಗಳಿಗೂ ಸಮಪಾಲು, ಆಯ್ಕೆ ನೇರವಾಗಿ ಜನರದು. ತರುಣನಾಗಿ ಮತದ ಹಕ್ಕಿಲ್ಲದೆ ಪರದೇಶದ ಮತದಾರರೆದುರು ಭಾರತದ ಅಹವಾಲು ಮಂಡಿಸಿದ್ದ ಹರ್ಡೀಕರ್, ಅರವತ್ತು ದಾಟಿದ ಮೇಲೆ ತಮ್ಮದೇ ದೇಶದ ಸದನದಲ್ಲಿ ಕುಳಿತರು. 1958ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿ ಗೌರವಿಸಿತು.

1975ರ ಆಗಸ್ಟ್‌ನಲ್ಲಿ ಹರ್ಡೀಕರ್ ನಿಧನರಾದರು. ಆಗ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಪತ್ರಿಕೆಗಳ ಮೇಲೆ ನಿರ್ಬಂಧವಿತ್ತು, ಸಾವಿರಾರು ಮಂದಿ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಹಕ್ಕುಗಳು ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಉಳಿಯುವುದಿಲ್ಲ. ಅವನ್ನು ಬಳಸುವ, ಕೇಳುವ, ಬೇಕಾದಾಗ ಅದಕ್ಕಾಗಿ ನಷ್ಟ ಸಹಿಸುವ ಜನರಿರಬೇಕು. ಉಪ್ಪಿನ ಆಗರಗಳ ಈ ಕರಾವಳಿಯಲ್ಲಿ ಅಂತಹ ಜನರಿದ್ದರೆಂಬುದು ಇತಿಹಾಸ. ಪೌರನೀತಿಯ ಪಾಠ ಓದುವ ಇಂದಿನ ಮಕ್ಕಳಿಗೆ ಬೋಸ್ಟನ್ನಿನ ಚಹಾದ ಕತೆಯ ಜತೆಗೆ ಅಂಕೋಲೆಯ ಉಪ್ಪಿನ ಕತೆಯನ್ನೂ, ಹುಬ್ಬಳ್ಳಿಯ ಈ ವೈದ್ಯರ ಕತೆಯನ್ನೂ ಹೇಳಬೇಕಾಗಿದೆ.