ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿ

ಈ ಸಂಚಿಕೆಗೆ ನಾನು ಆರಿಸಿಕೊಂಡವರು ಅಮೆರಿಕದ ಶಿಕಾಗೊ ನಗರದಲ್ಲಿ 1930ರಲ್ಲಿ ಹುಟ್ಟಿದ ಲೊರೇನ್ ಹ್ಯಾನ್ಸ್‌ಬೆರಿ. ಆಗ ಅಲ್ಲಿ ಎಷ್ಟೋ ಬಡಾವಣೆಗಳ ಬಿಳಿಯ ಮಾಲೀಕರು ಕಪ್ಪು ಜನರಿಗೆ ಮನೆ ಮಾರುವುದಿಲ್ಲವೆಂದು ತಮ್ಮಲ್ಲೇ ಕರಾರು ಮಾಡಿಕೊಂಡಿದ್ದರು. ಕಪ್ಪು ಜನರಿಗೆ ಉಳಿದದ್ದು ನಗರದ ದಕ್ಷಿಣ ಭಾಗದ ಕಿಕ್ಕಿರಿದ ಬೀದಿಗಳು. ಲೊರೇನ್ ಅವರ ತಂದೆ ಕಾರ್ಲ್ ಹಣ ಗಳಿಸಿದ್ದೂ ಅಂಥ ಇಕ್ಕಟ್ಟಾದ ಮನೆಗಳ ಬಾಡಿಗೆಯಿಂದಲೇ, ಅದನ್ನೂ ಹೇಳಬೇಕು.

1937ರಲ್ಲಿ ಕಾರ್ಲ್ ಕರಾರಿದ್ದ ಬಡಾವಣೆಯಲ್ಲೇ ಮನೆ ಕೊಂಡರು. ಜನ ಗುಂಪುಗೂಡಿದರು. ಕಿಟಕಿಗೆ ಎಸೆದದ್ದು ಪುಟ್ಟ ಲೊರೇನ್‌ಗೆ ಕೂದಲೆಳೆಯಲ್ಲಿ ತಪ್ಪಿತು. ತಂದೆ ಮೊಕದ್ದಮೆಗೆಂದು ಊರಾಚೆ ಇದ್ದಾಗ ತಾಯಿ ನ್ಯಾನಿ ಪಿಸ್ತೂಲು ಹಿಡಿದು ರಾತ್ರಿಯಿಡೀ ಮನೆ ಕಾದರು. ಆ ಧೈರ್ಯ ನನಗೆ ಕೋರ್ಟಿನ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. ಏಕೆಂದರೆ 1940ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತರೂ ಅದು ತಾಂತ್ರಿಕ ಕಾರಣಕ್ಕೆ. ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂಬ ತೀರ್ಪು ಬಂದದ್ದು 1948ರಲ್ಲಿ. ಕಾರ್ಲ್ 1946ರಲ್ಲೇ ತೀರಿಕೊಂಡಿದ್ದರು.

1959ರಲ್ಲಿ ಲೊರೇನ್ ಬರೆದ ‘ಎ ರೈಸಿನ್ ಇನ್ ದ ಸನ್’ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ ಬಂತು. ಕಪ್ಪು ಮಹಿಳೆಯೊಬ್ಬರ ನಾಟಕ ಅಲ್ಲಿ ಏರಿದ್ದು ಅದೇ ಮೊದಲು. ಶಿಕಾಗೊದ ಬಡ ಕಪ್ಪು ಕುಟುಂಬವೊಂದು ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡು, ಸಾಮಾನು ಹೊತ್ತು ಹೊರಡುವಲ್ಲಿಗೆ ನಾಟಕ ಮುಗಿಯುತ್ತದೆ. ಮುಂದೇನು ಕಾದಿರುತ್ತದೆಂದು ಲೊರೇನ್‌ಗೆ ಚೆನ್ನಾಗಿ ಗೊತ್ತಿತ್ತು.

1965ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 34 ವರ್ಷ.